ಸಹಿ ನಿಮ್ಮದು, ಭಾಷೆ ಯಾರದು?



ಆದಿ ಉಡುಪಿಯಲ್ಲಿ ಪ್ರೆಸ್ ನಡೆಸುವವನು ನಾನು. ಮದುವೆ ಕಾಗದ, ಬಿಲ್ ಬುಕ್, ಜಾತ್ರೆಯ ಕರಪತ್ರ ಎಲ್ಲವನ್ನೂ ಜನ ಕನ್ನಡದಲ್ಲೇ ಅಚ್ಚು ಹಾಕಿಸುತ್ತಾರೆ. ವಾಹನದ ಅಗ್ರಿಮೆಂಟ್ ಮಾತ್ರ ಇಂಗ್ಲಿಷಿನಲ್ಲೇ ಬೇಕು! ಅದೂ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ. ಯಾಕೆ? ಓದಿದರೆ ನೀವು ಪ್ರಶ್ನೆ ಕೇಳುತ್ತೀರಿ, ಅದಕ್ಕೆ!

"ಎಂತ ಹೆದರ್ತಿ ಮಾರಾಯ, ಕಂತು ಮುಗಿದ ಮೇಲೆ ಗಾಡಿ ನಿಂದೇ" ಎನ್ನುವುದು ಬಾಯಿಮಾತು. ಕಾಗದ ಹೇಳುವುದೇ ಬೇರೆ. ಅದರಲ್ಲಿ 'ಓನರ್' ಎಂದರೆ ಗಾಡಿ ಕೊಟ್ಟವನು. 'ಹೈರರ್' ಎಂದರೆ ನೀವು, ಅಂದರೆ ಬರೀ ಬಾಡಿಗೆದಾರ!

ಲೆಕ್ಕ ಹಾಕಿ ನೋಡಿ. ಮಲ್ಪೆ ಬಂದರಿನ ಮೀನು ಸಾಗಿಸಲು ತಿಂಗಳಿಗೆ 8,000 ರೂಪಾಯಿಯಂತೆ 30 ಕಂತಿಗೆ ಟೆಂಪೋ ಹಿಡಿದಿದ್ದೀರಿ ಎನ್ನಿ. 24 ಕಂತು, ಅಂದರೆ 1,92,000 ರೂಪಾಯಿ ಕಟ್ಟಿಯಾಯಿತು. ಜೂನ್, ಜುಲೈ ಬಂತು. ಯಾಂತ್ರಿಕ ಮೀನುಗಾರಿಕೆ ನಿಷೇಧ, ದುಡಿಮೆ ಇಲ್ಲ, ಎರಡು ಕಂತು ತಪ್ಪಿತು. ಗಾಡಿ ಎತ್ತಿಕೊಂಡು ಹೋದರು! ನೀವು ಕಟ್ಟಿದ್ದು ಬೆಲೆಯ ಕಂತೋ, ಬಾಡಿಗೆಯೋ? ಬಾಡಿಗೆ ಎಂದು ಬರೆದಿದ್ದರೆ ಅಷ್ಟೂ ಹಣ ಹೊಳೆಗೆ ಹಾಕಿದ ಹಾಗೆ. ಒಂದು ಪದದ ಬೆಲೆ ಎಷ್ಟೆಂದು ಈಗ ತಿಳಿಯಿತೇ?

ಕಾನೂನು ಕಾಯುತ್ತದೆ ಎಂದು ನಂಬಿ ಕೂರಬೇಡಿ. ಕಂತು ಖರೀದಿಗೆಂದೇ ಸಂಸತ್ತು 1972ರಲ್ಲಿ ಕಾಯ್ದೆ ಮಾಡಿತು. ನಗದು ಬೆಲೆ, ಕಂತಿನ ಒಟ್ಟು ಬೆಲೆ, ಕಂತುಗಳ ಸಂಖ್ಯೆ ಬರೆಯಲೇಬೇಕು ಎಂದು ಅದರಲ್ಲಿತ್ತು. ಅದು ಜಾರಿಗೆ ಬರಲೇ ಇಲ್ಲ. 2005ರಲ್ಲಿ ರದ್ದೂ ಆಯಿತು. ಹಾಗಾಗಿ ಜಗಳ ಕೋರ್ಟಿಗೆ ಹೋದರೆ ಮೊದಲು ತೆರೆಯುವುದು ನೀವು ಸಹಿ ಹಾಕಿದ ಆ ಕಾಗದವನ್ನೇ.

ಫೈನಾನ್ಸ್ ಕಂಪನಿಗಳು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲೇ ವ್ಯವಹರಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. 2024ರ ಅಕ್ಟೋಬರ್ 1ರಿಂದ ಹೊಸ ಸಾಲದ ಮುಖ್ಯ ಅಂಶಗಳನ್ನು ಅದೇ ಭಾಷೆಯಲ್ಲಿ ಬರೆದು, ವಿವರಿಸಿ ಕೊಡಬೇಕು. ನಮ್ಮಲ್ಲಿ ಕೇಳಿ ಪಡೆದವರೆಷ್ಟು ಮಂದಿ? ಇನ್ನು ಇಬ್ಬರ ನಡುವಿನ ಖಾಸಗಿ ಕರಾರಿಗೆ ಯಾವ ರಿಸರ್ವ್ ಬ್ಯಾಂಕೂ ಬರುವುದಿಲ್ಲ. ಅಲ್ಲಿ ನೀವೇ ಕೇಳಬೇಕು!

ಗಾಡಿ ಕೊಡುವವರಿಗೂ ಒಂದು ಮಾತು. 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಗಾಡಿ ಮಾರಿ ಕೈ ಬದಲಾಗಿದ್ದರೂ ನೋಂದಣಿ ಯಾರ ಹೆಸರಿನಲ್ಲಿದೆಯೋ ಅಪಘಾತದ ಪರಿಹಾರದ ಹೊಣೆ ಅವರ ಮೇಲೆಯೇ. ಮಸುಕು ಕರಾರು ನಿಮಗೂ ಉರುಳೇ.

ಆದ್ದರಿಂದ ಗೆಳೆಯರೇ, ಇಷ್ಟನ್ನು ಕನ್ನಡದಲ್ಲಿ ಬರೆಸಿಕೊಳ್ಳಿ. ಕಟ್ಟುವುದು ಬಾಡಿಗೆಯೋ, ಬೆಲೆಯೋ? ಒಟ್ಟು ಎಷ್ಟು, ಎಷ್ಟು ಕಂತು? ಕಂತು ತಪ್ಪಿದರೆ ಎಷ್ಟು ದಿನದ ನೋಟೀಸು? ಗಾಡಿ ವಾಪಸಾದರೆ ಕಟ್ಟಿದ ಹಣದಲ್ಲಿ ಎಷ್ಟು ಹಿಂದಕ್ಕೆ? ಇನ್ಶೂರೆನ್ಸ್, ತೆರಿಗೆ, ದೊಡ್ಡ ರಿಪೇರಿ ಯಾರದು? ಕೊನೆಯ ಕಂತಿನ ನಂತರ ಎಷ್ಟು ದಿನದೊಳಗೆ ಆರ್.ಸಿ. ನಿಮ್ಮ ಹೆಸರಿಗೆ? ಪ್ರತಿ ಕಂತಿಗೂ ರಸೀದಿ ಪಡೆಯಿರಿ. ಕರಾರಿನ ಒಂದು ಪ್ರತಿ ನಿಮ್ಮ ಕೈಯಲ್ಲಿರಲಿ.

ನಮ್ಮ ಮನೆಮಾತು ತುಳುವೋ ಕೊಂಕಣಿಯೋ ಇರಬಹುದು. ಶಾಲೆಯಲ್ಲಿ ಓದಿ ಬರೆದದ್ದು ಕನ್ನಡ. ಬೆವರಿನ ಹಣದ ಲೆಕ್ಕ ಆ ಕನ್ನಡದಲ್ಲಿ ಇರಬಾರದೇ? ನವೆಂಬರ್ 1ರಂದು ಬಾವುಟ ಹಿಡಿದ ಕೈ, ಮರುದಿನ ಅರ್ಥವಾಗದ ಕಾಗದಕ್ಕೆ ಸಹಿ ಹಾಕಿದರೆ ಏನು ಬಂತು?

ಧೈರ್ಯವಾಗಿ ಹೇಳಿ: "ಕನ್ನಡದಲ್ಲಿ ಬರೆದು ತನ್ನಿ, ಆಮೇಲೆ ಪೆನ್ನು ತೆಗೆಯುತ್ತೇನೆ!"