‘ಮಾರ್ಗಮಧ್ಯೆ ಸಾವು’ ಎಂದು ಬರೆದು ಬರೆದು ಸಾಕಾಗಿದೆ

‘ಟ್ರ್ಯಾಕ್ಟರ್ ಪಲ್ಟಿ: ಆಸ್ಪತ್ರೆಗೆ ಸಾಗಿಸುವ ಮಾರ್ಗಮಧ್ಯೆ ಸಾವು.’ ಈ ಸಾಲನ್ನು ನಾವು ಎಷ್ಟು ಸಲ ಟೈಪ್ ಮಾಡಿ ಕಳಿಸಿದ್ದೇವೋ ಲೆಕ್ಕವಿಲ್ಲ. ಆ ಮಾರ್ಗಮಧ್ಯೆ ಏನಾಯಿತು ಎಂದು ಮಾತ್ರ ನಾವು ಕೇಳಲಿಲ್ಲ.

‘ಮೈಮೇಲೆ ಒಂದು ಹನಿ ರಕ್ತ ಇರಲಿಲ್ಲ ಸಾರ್, ಮಾತಾಡ್ತಾನೇ ಇದ್ದ’ ಎಂದು ಮನೆಯವರು ಅಳುತ್ತಾರೆ. ಇಂಥ ಕೆಲವು ಸಾವುಗಳಲ್ಲಿ ರಕ್ತ ಸೋರಿರುವುದು ದೇಹದ ಒಳಗೆ. ಸೊಂಟದ ಕೆಳಗೆ ಪೆಲ್ವಿಸ್ ಎಂಬ ಬಟ್ಟಲಿನಂಥ ಮೂಳೆ ಇದೆ. ಅದು ಮುರಿದರೆ ಒಳಗಿನ ರಕ್ತನಾಳಗಳು ಹರಿಯುತ್ತವೆ. ದೊಡ್ಡವರ ಮೈಯಲ್ಲಿರುವುದೇ ಸುಮಾರು 5 ಲೀಟರ್ ರಕ್ತ. ಅದರಲ್ಲಿ 2-3 ಲೀಟರ್ ಹೊರಗೆ ಕಾಣದಂತೆ ಅಲ್ಲೇ ಸೇರಿಕೊಳ್ಳಬಹುದು.

ಆಗ ನಾವು ಮಾಡುವುದೇನು? ಒಬ್ಬರು ಕಂಕುಳು, ಇನ್ನೊಬ್ಬರು ಕಾಲು ಹಿಡಿದು ಎತ್ತಿ, ಆಟೋದಲ್ಲಿ ಮಡಚಿ ಕೂರಿಸುತ್ತೇವೆ. ಮುರಿದ ಮೂಳೆ ಅಲುಗಾಡಿದಷ್ಟೂ ರಕ್ತಸ್ರಾವ ಹೆಚ್ಚುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತೇವೆ, ಆದರೆ ಅಪಾಯ ಹೆಚ್ಚಿಸುತ್ತೇವೆ.

ವಾಹನ ಪಲ್ಟಿಯಾಗಿ ಅಥವಾ ಎತ್ತರದಿಂದ ಬಿದ್ದು ಸೊಂಟ, ತೊಡೆಸಂದಿ ನೋಯುತ್ತಿದ್ದರೆ, ಮುಖ ಬಿಳಿಚಿ ತಣ್ಣನೆ ಬೆವರುತ್ತಿದ್ದರೆ ಮೊದಲು 108ಕ್ಕೆ ಕರೆ ಮಾಡಿ. ನಿಲ್ಲಿಸಬೇಡಿ, ಹೊರಳಿಸಬೇಡಿ, ಸೊಂಟ ಒತ್ತಿ ನೋಡಬೇಡಿ. ನೀರು ಕುಡಿಸಬೇಡಿ. ಮೊಣಕಾಲು, ಪಾದಗಳನ್ನು ಜೋಡಿಸಿ ಟವೆಲ್‌ನಿಂದ ಕಟ್ಟಿ. ಮಡಚಿದ ಬೆಡ್‌ಶೀಟನ್ನು ಮೊಣಕಾಲ ಕೆಳಗಿನಿಂದ ನಿಧಾನಕ್ಕೆ ಮೇಲೆ ಸರಿಸಿ ಬಿಗಿಯಾಗಿ ಸುತ್ತಿ. ಅದು ಸೊಂಟಪಟ್ಟಿ ಕಟ್ಟುವ ಜಾಗವಲ್ಲ. ತೊಡೆ ಶುರುವಾಗುವಲ್ಲಿ ಎರಡೂ ಪಕ್ಕ ಕೈಗೆ ಸಿಗುವ ಮೂಳೆಯ ಮಟ್ಟ. ಮೇಲೆ ಕಂಬಳಿ ಹೊದಿಸಿ.

ಇಷ್ಟರಿಂದ ಗುಣವಾಗುವುದಿಲ್ಲ, ಸಮಯ ಸಿಗುತ್ತದೆ. ರಕ್ತ ಕೊಡಬೇಕು, ರಕ್ತನಾಳ ಮುಚ್ಚಬೇಕು, ಆಪರೇಷನ್ ಬೇಕಾಗಬಹುದು. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಅಗ್ಗದ ಇಂಜೆಕ್ಷನ್ ಇದೆ. 20 ಸಾವಿರಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದು ಸಾವು ಕಡಿಮೆ ಮಾಡಿತು. ಆದರೆ ಗಾಯವಾದ 3 ಗಂಟೆಯೊಳಗೆ ಕೊಡಬೇಕು.

ಹಾಗಾಗಿ ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳೋಣ. ನಮ್ಮ ಆಂಬುಲೆನ್ಸ್‌ನಲ್ಲಿ ಪೆಲ್ವಿಕ್ ಬೈಂಡರ್ ಎಂಬ ಪಟ್ಟಿ ಇದೆಯೇ? ನಮ್ಮ ಆಸ್ಪತ್ರೆಯಲ್ಲಿ ಆ ಇಂಜೆಕ್ಷನ್ ಇದೆಯೇ? ತಾಲ್ಲೂಕಿನಲ್ಲಿ ರಾತ್ರಿ ರಕ್ತ ಸಿಗುತ್ತದೆಯೇ?

ಪೊಲೀಸ್ ಕೇಸಿನ ಭಯವೂ ಬೇಡ. ರಸ್ತೆ ಅಪಘಾತದಲ್ಲಿ ಒಳ್ಳೆಯ ಉದ್ದೇಶದಿಂದ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಕ್ಷಣೆ ಕೊಟ್ಟಿದೆ.

ಆ ಹಳೇ ಸಾಲನ್ನು ಒಂದು ಸಲವಾದರೂ ಬರೆಯದೆ ಉಳಿಯುವಂತಾದರೆ, ನಮಗೆ ಅದೇ ದೊಡ್ಡ ಸುದ್ದಿ.