ಮನೆವಾರ್ತೆಯ ವಿಜ್ಞಾನ: ಮಳೆಗಾಲಕ್ಕೆ ಮುನ್ನ ಏರಿಯಲ್ಲಿನ ಆರೈಕೆ

ಹವ್ಯಾಸಿ ರೇಡಿಯೋದಲ್ಲಿ ಕೈಯಾಡಿಸುವವರು ಇದ್ದ ಹಣವನ್ನೆಲ್ಲ ಯಂತ್ರಕ್ಕೆ ಸುರಿದು, ಏರಿಯಲ್ಲಿಗೆ ಮಾತ್ರ ಕೈಗೆ ಸಿಕ್ಕಿದ ತಂತಿಯನ್ನು ಕಟ್ಟಿಬಿಡುವುದುಂಟು. ಇದು ಬೆಳ್ಳಿಯ ಕೊಡವನ್ನು ಕೊಂಡು, ಜೀರ್ಣವಾದ ಹಗ್ಗದಿಂದ ಬಾವಿಗೆ ಇಳಿಬಿಟ್ಟಂತೆಯೇ ಸರಿ. ಯಂತ್ರವು ಎಷ್ಟು ಬೆಲೆಯುಳ್ಳದ್ದಾದರೂ ಏರಿಯಲ್ಲು ತಂದುಕೊಡದುದನ್ನು ಅದು ಕೇಳಲಾರದು; ಏರಿಯಲ್ಲು ಒಯ್ಯದುದನ್ನು ಅದು ಹೊರಗೆ ಸಾರಲಾರದು. ಆದುದರಿಂದ ಈ ತಿಂಗಳು ಆ ತಂತಿಯ ವಿಷಯವಾಗಿಯೇ ನಾಲ್ಕು ಮಾತುಗಳನ್ನು ಬರೆಯುವೆವು.

ಹವ್ಯಾಸಿಗಳಿಗೆ ಬಹಳ ಒಗ್ಗಿದ ೪೦ ಮೀಟರಿನ ಪಟ್ಟಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹಗಲಿನಲ್ಲಿ ಕೆಲವು ನೂರು ಕಿಲೋಮೀಟರುಗಳ ಊರುಗಳೂ, ರಾತ್ರಿಯಲ್ಲಿ ಅದಕ್ಕಿಂತಲೂ ಬಹುದೂರದ ನಾಡುಗಳೂ ಇದರಲ್ಲಿ ಕೇಳಬರುವುವು. ತರಂಗದ ಉದ್ದವನ್ನು ತಿಳಿಯಲು ೩೦೦ನ್ನು ಮೆಗಾಹರ್ಟ್ಸಿನ ಸಂಖ್ಯೆಯಿಂದ ಭಾಗಿಸತಕ್ಕದ್ದು. ೭.೧ ಮೆಗಾಹರ್ಟ್ಸಿಗೆ ಇದು ೪೨ ಕಾಲು ಮೀಟರು. ಅದರ ಅರ್ಧ ೨೧ ಮೀಟರಿಗೆ ತುಸು ಮೇಲೆ. ನಿಜವಾದ ತಂತಿಯಲ್ಲಿ ಇದಕ್ಕಿಂತ ನೂರಕ್ಕೆ ಐದರಷ್ಟು ಕಡಮೆ ಸಾಕಾಗುವುದರಿಂದ ಒಟ್ಟು ೨೦ ಮೀಟರು, ಅಂದರೆ ಎರಡು ಪಕ್ಕಕ್ಕೂ ಹತ್ತು ಹತ್ತು ಮೀಟರು ಎಂದು ಲೆಕ್ಕ ಹಿಡಿಯಬಹುದು. ಆದರೆ ಕತ್ತರಿಸುವಾಗ ಪ್ರತಿ ಪಕ್ಕಕ್ಕೂ ಒಂದು ಗೇಣಿನಷ್ಟು ಹೆಚ್ಚಾಗಿ ಬಿಡಿರಿ. ಹೆಚ್ಚಾದುದನ್ನು ಕಡಮೆ ಮಾಡುವುದು ಸುಲಭ. ಕಡಮೆಯಾದುದಕ್ಕೆ ಗಂಟು ಹಾಕುವುದು ಅಂದವೂ ಅಲ್ಲ, ಭದ್ರವೂ ಅಲ್ಲ.

ಎರಡು ತಂತಿಗಳ ನಡುವೆ ಪ್ಲಾಸ್ಟಿಕ್ಕಿನ ಕೊಳವೆಯ ತುಂಡೊಂದನ್ನು ಕಟ್ಟಿ, ಕೋಆಕ್ಸಿಯಲ್ ಕೇಬಲಿನ ಒಳತಂತಿಯನ್ನು ಒಂದಕ್ಕೂ ಹೊರಗಿನ ಜಾಲರಿಯನ್ನು ಮತ್ತೊಂದಕ್ಕೂ ಬೆಸೆಯತಕ್ಕದ್ದು. ನಡುಭಾಗವನ್ನು ಎಂಟು ಹತ್ತು ಮೀಟರು ಎತ್ತರದ ಗಳುವಿಗೆ ಏರಿಸಿ, ತುದಿಗಳನ್ನು ನೈಲಾನ್ ಹಗ್ಗದಿಂದ ಎರಡು ಕಡೆಗೆ ಇಳಿಜಾರಾಗಿ ಬಿಗಿದರೆ ಒಂದೇ ಗಳುವಿನಿಂದ ಕೆಲಸವಾಗುವುದು. ತುದಿಗಳು ಮಕ್ಕಳ ಕೈಗೆ ಎಟುಕದಂತಿರಲಿ. ಪ್ರಸಾರ ಮಾಡುವಾಗ ಅಲ್ಲಿ ವಿದ್ಯುತ್ತಿನ ಒತ್ತಡವು ಹೆಚ್ಚಾಗಿದ್ದು, ಮುಟ್ಟಿದವರ ಕೈ ಸುಡುವ ಸಂಭವವಿದೆ. ಬಳಿಕ ಎಸ್.ಡಬ್ಲ್ಯು.ಆರ್. ಮೀಟರನ್ನು ಜೋಡಿಸಿ ನೋಡಬೇಕು. ಅತ್ಯಲ್ಪವಾದ ಅಂಕವು ನಮಗೆ ಬೇಕಾದ ಸ್ಥಾನಕ್ಕಿಂತ ಕೆಳಗಣ ಮೆಗಾಹರ್ಟ್ಸಿನಲ್ಲಿ ಬಂದರೆ ತಂತಿ ಉದ್ದವಾಯಿತೆಂದು ತಿಳಿದು, ಎರಡು ಪಕ್ಕಗಳನ್ನೂ ಸಮವಾಗಿ ಬೆರಳಗಲದಷ್ಟು ಮೊಟಕು ಮಾಡುತ್ತ ಬರತಕ್ಕದ್ದು.

ಇಷ್ಟನ್ನೂ ನಾವು ಶ್ರದ್ಧೆಯಿಂದ ಮಾಡಿದ್ದೆವು. ಆದರೂ ಮೋಸಹೋದೆವು. ಒಂದು ಮಳೆಗಾಲದ ಕೊನೆಯಲ್ಲಿ ಮೀಟರನ್ನು ನೋಡಲಾಗಿ, ಅಂಕವು ಮೊದಲಿಗಿಂತಲೂ ಚೆನ್ನಾಗಿತ್ತು! ಮಳೆಯು ನಮ್ಮ ಏರಿಯಲ್ಲಿಗೆ ಅಭ್ಯಂಜನ ಮಾಡಿಸಿತೆಂದು ಹಿಗ್ಗಿದೆವು. ಆದರೆ ಪ್ರತಿದಿನವೂ ಮಾತನಾಡುತ್ತಿದ್ದ ಮಂಗಳೂರಿನ ಮಿತ್ರರಿಗೆ ನಮ್ಮ ದನಿಯೇ ಕೇಳಿಸದು. ಅವರ ದನಿಯೂ ನಮಗೆ ಕ್ಷೀಣವಾಗಿ ಬಂದಿತು. ಎರಡು ವಾರ ಯಂತ್ರವನ್ನೇ ದೂರಿದೆವು. ಕೊನೆಗೆ ಗಳುವನ್ನಿಳಿಸಿ ನೋಡಿದರೆ, ಬೆಸುಗೆಯ ಬಳಿಯಲ್ಲಿ ಬಾಯಿ ತೆರೆದಿದ್ದ ಕೇಬಲಿನೊಳಗೆ ನೀರು ಹೊಕ್ಕು, ದೀಪದ ಬತ್ತಿಯು ಎಣ್ಣೆಯನ್ನು ಹೀರುವಂತೆ ಜಾಲರಿಯು ಅದನ್ನು ಮಾರುಗಟ್ಟಲೆ ಹೀರಿಕೊಂಡಿತ್ತು. ತಾಮ್ರವೆಲ್ಲ ಕಪ್ಪಾಗಿತ್ತು.

ಹಾಗಾದರೆ ಮೀಟರು ಒಳ್ಳೆಯ ಅಂಕವನ್ನು ಏತಕ್ಕೆ ತೋರಿಸಿತು? ಮೀಟರು ಅಳೆಯುವುದು ಹೋದ ಶಕ್ತಿಯಲ್ಲಿ ಎಷ್ಟು ಹಿಂದಿರುಗಿತೆಂಬುದನ್ನು. ಕೆಟ್ಟ ಕೇಬಲು ಹೋಗುವಾಗಲೂ ಬರುವಾಗಲೂ ಶಕ್ತಿಯನ್ನು ನುಂಗಿಬಿಡುವುದರಿಂದ ಹಿಂದಿರುಗುವುದು ಏನೂ ಇರದು. ಮೀಟರು ಅದನ್ನೇ ಸೌಖ್ಯವೆಂದು ಬಗೆಯುವುದು. ಸಾಲಗಾರನು ಬಾಗಿಲಿಗೆ ಬರಲಿಲ್ಲವೆಂದ ಮಾತ್ರಕ್ಕೆ ಸಾಲ ತೀರಿತೆಂದು ತಿಳಿದಂತಾಯಿತು. ಆದುದರಿಂದ ಕಾರಣವಿಲ್ಲದೆ ಅಂಕವು ಸುಧಾರಿಸಿದರೆ ಸಂಶಯಪಡಿರಿ. ಕೇಬಲಿನ ದೂರದ ತುದಿಯನ್ನು ಏರಿಯಲ್ಲಿನಿಂದ ಬಿಡಿಸಿ ಬರಿದಾಗಿ ಬಿಟ್ಟು, ಏರಿಯಲ್ಲನ್ನು ಪರೀಕ್ಷಿಸುವ ಕಿರು ಉಪಕರಣದಿಂದ ಅಳೆದರೆ ಅಂಕವು ಬಹಳ ಹೆಚ್ಚಾಗಿ ಬರತಕ್ಕದ್ದು. ಆಗಲೂ ಕಡಮೆಯಾಗಿಯೇ ಬಂದರೆ ಕೇಬಲು ಕೆಟ್ಟಿದೆಯೆಂದೇ ನಿಶ್ಚಯಿಸಿರಿ. ಅಂಥದನ್ನು ಬಿಸಿಲಿಗೆ ಒಣಹಾಕಿ ಪ್ರಯೋಜನವಿಲ್ಲ, ಹೊಸದನ್ನೇ ಕಟ್ಟಬೇಕು.

ಪ್ರತೀಕಾರಕ್ಕಿಂತ ಮುನ್ನೆಚ್ಚರಿಕೆಯೇ ಅಗ್ಗ. ಬೆಸೆದ ಮೇಲೆ ಒಂದಕ್ಕೊಂದು ಅಂಟಿ ಒಂದಾಗುವ ರಬ್ಬರಿನ ಪಟ್ಟಿಯನ್ನು ಎಳೆದು, ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಬರುವ ಹಾಗೆ ಸುತ್ತಿರಿ. ಅದರ ಮೇಲೆ ಬಿಸಿಲಿಗಾಗಿ ಸಾಧಾರಣ ಟೇಪಿನ ಸುತ್ತೊಂದಿರಲಿ. ಕೇಬಲು ಗೋಡೆಯನ್ನು ಹೊಗುವ ಮುನ್ನ ಅದನ್ನು ಕೆಳಕ್ಕೆ ಒಂದು ಬಳಸು ಜೋಲಾಡಿಸಿದರೆ ಹನಿಗಳು ಅಲ್ಲಿಯೇ ಉದುರಿಹೋಗುವುವು.

ಇನ್ನು ಮೂರು ಎಚ್ಚರಿಕೆಗಳು. ವಿದ್ಯುತ್ ಸರಬರಾಯಿಯ ತಂತಿಗಳ ಮೇಲಾಗಲಿ ಕೆಳಗಾಗಲಿ ಏರಿಯಲ್ಲನ್ನು ಎಂದಿಗೂ ಹಾಯಿಸಕೂಡದು. ಗಳುವು ಬಿದ್ದರೂ ಅವನ್ನು ಮುಟ್ಟದಷ್ಟು ದೂರವಿರಬೇಕು. ಗುಡುಗಿನ ಲಕ್ಷಣ ಕಂಡೊಡನೆಯೇ, ಮಿಂಚು ಹತ್ತಿರ ಬರುವುದಕ್ಕೆ ಮೊದಲೇ, ಕೇಬಲನ್ನು ಯಂತ್ರದಿಂದ ಬಿಡಿಸಿ ಮನೆಯ ಹೊರಗಿರಿಸಿರಿ. ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಸರಕಾರದ ಪರವಾನಗಿ ಪಡೆದವರು ಮಾತ್ರವೇ ಪ್ರಸಾರ ಮಾಡಬಹುದು.

ಒಂದು ಹವ್ಯಾಸಕ್ಕೆ ಇಷ್ಟು ಜತನವೇಕೆಂದು ಕೇಳುವವರಿಗೆ ಒಂದು ಸಂಗತಿಯನ್ನು ನೆನಪಿಸುವೆವು. ೨೦೦೪ನೆಯ ಇಸವಿಯ ಡಿಸೆಂಬರಿನಲ್ಲಿ ದೆಹಲಿಯ ಗೃಹಿಣಿ ಶ್ರೀಮತಿ ಭಾರತಿ ಪ್ರಸಾದರು ಸಂಗಡಿಗರೊಡನೆ ಪೋರ್ಟ್ ಬ್ಲೇರಿಗೆ ಹೋಗಿ, ಹವ್ಯಾಸಕ್ಕಾಗಿ ಒಂದು ರೇಡಿಯೋ ಕೇಂದ್ರವನ್ನು ನಡೆಸುತ್ತಿದ್ದರು. ೨೬ನೆಯ ತಾರೀಖಿನಂದು ಸುನಾಮಿ ಬಂದಿತು, ಟೆಲಿಫೋನುಗಳು ಮೌನವಾದುವು. ವಿನೋದಕ್ಕೆಂದು ಕಟ್ಟಿದ ಆ ಏರಿಯಲ್ಲುಗಳ ಮೂಲಕವೇ ದ್ವೀಪದವರ ಕ್ಷೇಮಸಮಾಚಾರವು ಹೊರನಾಡಿನ ಬಂಧುಗಳಿಗೆ ಮುಟ್ಟಿತು. ತಂತಿಯು ನಿಜವಾಗಿ ಬೇಕಾಗುವುದು ಗಾಳಿ ಮಳೆಗಳ ದಿನವೇ. ಆ ದಿನ ಅದು ಮೂಕವಾಗದಿರಬೇಕಾದರೆ ಇಂದೇ, ಬಿಸಿಲಿರುವಾಗಲೇ, ಗಳುವನ್ನಿಳಿಸಿ ಬೆಸುಗೆಯನ್ನು ನೋಡಿರಿ.