ಚಲನೆಯ ಪಾಠವೂ ಒಂದು ಓರೆ ಹಲಗೆಯೂ

ಜವ, ವೇಗ, ವೇಗೋತ್ಕರ್ಷ ಎಂಬ ಮೂರು ಪಾರಿಭಾಷಿಕ ಪದಗಳ ವ್ಯಾಖ್ಯೆಯನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ಒಂದೇ ವಾರದಲ್ಲಿ ಕಂಠಪಾಠ ಮಾಡಿ, ಸಮೀಕರಣಗಳಿಗೆ ಅಂಕಿಗಳನ್ನು ಹಾಕಿ ಉತ್ತರ ತೆಗೆಯುತ್ತಾರೆ. ಪರೀಕ್ಷೆಯಲ್ಲಿ ಅಂಕಗಳೂ ದೊರೆಯುತ್ತವೆ. ಆದರೆ ನೇರವಾಗಿ ಮೇಲಕ್ಕೆಸೆದ ಕಲ್ಲು ತುತ್ತತುದಿಯಲ್ಲಿರುವ ಕ್ಷಣದಲ್ಲಿ ಅದರ ವೇಗೋತ್ಕರ್ಷವೆಷ್ಟೆಂದು ಕೇಳಿದರೆ, ಅವರಲ್ಲಿ ಅನೇಕರು ಕೊಡುವ ಉತ್ತರ ಸೊನ್ನೆ. ಆ ಕ್ಷಣದಲ್ಲಿ ವೇಗ ಸೊನ್ನೆಯೆಂಬುದು ದಿಟ. ವೇಗೋತ್ಕರ್ಷವಾದರೋ ಆಗಲೂ ಕೆಳಮುಖವಾಗಿ ಇದ್ದಷ್ಟೇ ಇದೆ. ಇಲ್ಲವಾದರೆ ಕಲ್ಲು ಆಕಾಶದಲ್ಲಿಯೇ ನಿಲ್ಲಬೇಕಾಗುತ್ತಿತ್ತು.

ಆಡುಮಾತಿನಲ್ಲಿ ಜವಕ್ಕೂ ವೇಗಕ್ಕೂ ಭೇದವಿಲ್ಲದಿರುವುದು ಈ ಗೊಂದಲದ ಒಂದು ಮೂಲ. ಜಾತ್ರೆಯ ದಿನ ತೇರು ಪಾದಗಟ್ಟೆಯವರೆಗೆ ಸಾಗಿ ಹೊರಟ ಸ್ಥಳಕ್ಕೇ ಮರಳಿದರೆ, ಕ್ರಮಿಸಿದ ದೂರಕ್ಕೆ ತಕ್ಕ ಸರಾಸರಿ ಜವವುಂಟು; ಸ್ಥಾನಪಲ್ಲಟ ಶೂನ್ಯವಾದುದರಿಂದ ಸರಾಸರಿ ವೇಗ ಶೂನ್ಯ. ಮಿಣಿ ಹಿಡಿದು ಬೆವರಿದ ಭಕ್ತರು ಇದನ್ನು ಸುಲಭವಾಗಿ ಒಪ್ಪಲಿಕ್ಕಿಲ್ಲ! ಹಾಗೆಯೇ ಗಂಟೆಗೆ 40 ಕಿಲೋಮೀಟರಿನಂತೆ ಓಡುವ ಬಸ್ಸು ತಿರುವಿನಲ್ಲಿ ಅದೇ ಜವವನ್ನು ಕಾಯ್ದುಕೊಂಡರೂ ದಿಕ್ಕು ಬದಲಾಗುವುದರಿಂದ ವೇಗ ಬದಲಾಗುತ್ತದೆ, ಅಲ್ಲಿಯೂ ವೇಗೋತ್ಕರ್ಷವಿದೆ.

ಇದಕ್ಕಿಂತಲೂ ಕಠಿನವಾದುದು ‘ಸೆಕೆಂಡಿನ ವರ್ಗ’. ಕಾಲವನ್ನು ಕಾಲದಿಂದ ಗುಣಿಸುವುದೆಂದರೇನೆಂದು ಕೇಳುವ ಬಾಲಕ ಉದ್ಧಟನಲ್ಲ, ವಿಚಾರವಂತ. ಬೀಳುವ ಕಲ್ಲಿನ ವೇಗ ಮೊದಲ ಸೆಕೆಂಡಿನ ಕೊನೆಗೆ 9.8 ಮೀಟರು, ಎರಡನೆಯದರ ಕೊನೆಗೆ 19.6, ಮೂರನೆಯದರ ಕೊನೆಗೆ 29.4 ಎಂದು ಬರೆದು ತೋರಿಸಿದರೆ, ಸೆಕೆಂಡಿಗೆ ಇಷ್ಟು ಮೀಟರು ಎಂಬ ವೇಗವು ಪ್ರತಿ ಸೆಕೆಂಡಿಗೂ ಇಷ್ಟು ಹೆಚ್ಚುತ್ತದೆಂಬ ಅರ್ಥ ಅವನಿಗೆ ಹೊಳೆಯುತ್ತದೆ. ಸೆಕೆಂಡು ಎರಡು ಸಲ ಬಂದುದು ಆ ಕಾರಣದಿಂದ.

ಮಕ್ಕಳು ಇಲ್ಲಿ ಎಡವುವುದು ದಡ್ಡತನದಿಂದಲ್ಲ. ಸ್ವತಃ ಗೆಲಿಲಿಯೋ 1604ರಲ್ಲಿ ಪಾವೊಲೊ ಸಾರ್ಪಿಗೆ ಬರೆದ ಪತ್ರದಲ್ಲಿ, ಬೀಳುವ ವಸ್ತುವಿನ ವೇಗ ಬಿದ್ದ ದೂರಕ್ಕೆ ಅನುಪಾತದಲ್ಲಿ ಹೆಚ್ಚುತ್ತದೆಂದು ಭಾವಿಸಿದ್ದನು. ಅದು ಹೆಚ್ಚುವುದು ಕಾಲಕ್ಕೆ ಅನುಪಾತದಲ್ಲಿ ಎಂಬ ನಿಲುವನ್ನು ಅವನು 1638ರ ಗ್ರಂಥದಲ್ಲಿ ಪ್ರಕಟಿಸಿದನು. ನೇರ ಪತನವನ್ನು ಅಳೆಯಲು ತಕ್ಕ ಗಡಿಯಾರ ಆಗ ಇರಲಿಲ್ಲವಾಗಿ, ಓರೆ ಹಲಗೆಯ ನುಣುಪಾದ ಗಾಡಿಯಲ್ಲಿ ಕಂಚಿನ ಗುಂಡನ್ನು ಉರುಳಿಸಿ, ಪಾತ್ರೆಯಿಂದ ಸೋರಿದ ನೀರನ್ನು ತೂಗಿ ಕಾಲವನ್ನು ನಿರ್ಧರಿಸಿದುದಾಗಿ ಅವನು ವಿವರಿಸಿದ್ದಾನೆ.

ಕಾಯಕಕ್ಕೆ ಅಗ್ರಸ್ಥಾನವಿತ್ತ ಪರಂಪರೆಯ ಶಾಲೆಗಳಲ್ಲಿ ಚಲನೆಯನ್ನು ಕಪ್ಪುಹಲಗೆಯ ಮೇಲೆ ಮಾತ್ರ ಕಲಿಸುವುದು ಉಚಿತವಲ್ಲ. ಕೊಠಡಿಗಳನ್ನು ಕಟ್ಟಿಸಿಕೊಟ್ಟ ದಾನಿಗಳ ಔದಾರ್ಯ ಸ್ಮರಣೀಯವೇ ಸರಿ. ಆದರೆ ಗಾಜಿನ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕುಳಿತ ಉಪಕರಣಗಳಿಂದ ಯಾರಿಗೂ ಪ್ರಯೋಜನವಿಲ್ಲ. ಬೇಕಾದುದು ಗಾಡಿ ತೋಡಿದ ಎರಡು ಮೀಟರಿನ ಒಂದು ಹಲಗೆ, ಒಂದು ಗೋಲಿ, ಬಡಗಿಯ ಅರ್ಧ ದಿನದ ಕೆಲಸ. ಜೊತೆಗೆ ಮುಖ್ಯೋಪಾಧ್ಯಾಯರು ವೇಳಾಪಟ್ಟಿಯಲ್ಲಿ ಬಿಟ್ಟುಕೊಡಬೇಕಾದ ಎರಡು ಅವಧಿಗಳು. ಹಲಗೆಯ ಒಂದು ತುದಿಯನ್ನು ಪುಸ್ತಕವೊಂದರಷ್ಟು ಎತ್ತರಿಸಿ, ಗೋಲಿ ಹೊರಡುವ ಸ್ಥಳದಿಂದ 20, 80, 180 ಸೆಂಟಿಮೀಟರುಗಳಲ್ಲಿ ಗೆರೆಯೆಳೆದು ಅದನ್ನು ಬಿಟ್ಟರೆ, ಗೆರೆಗಳ ನಡುವಣ ದೂರ ಬೆಳೆಯುತ್ತ ಹೋದರೂ ಗೋಲಿ ಅವನ್ನು ದಾಟುವಾಗ ಮಕ್ಕಳು ತಟ್ಟುವ ಚಪ್ಪಾಳೆ ಒಂದೇ ತಾಳದಲ್ಲಿ ಬೀಳುತ್ತದೆ.